ಖಾಲಿ ಕಾಣುವ ವೇಳಾಪಟ್ಟಿ: ಜರ್ಮನಿಯಲ್ಲಿ ಓದುವ ನಮ್ಮ ಮಕ್ಕಳ ಓದು, ಬಿಡುವು

 

ಸಂಘಟಕರು ನನಗೆ ಕೊಟ್ಟಿರುವ ವಿಷಯ ವಿದ್ಯಾರ್ಥಿ ಜೀವನದಲ್ಲಿ ಓದು ಮತ್ತು ಬಿಡುವು. ಇಲ್ಲಿ ಕುಳಿತಿರುವವರಲ್ಲಿ ಹೆಚ್ಚಿನವರು ನೌಕರಿಯಲ್ಲಿರುವವರು. ಇದು ಹುಡುಗರ ವಿಷಯ, ನಮಗೇಕೆ ಎಂದು ಅನ್ನಿಸಬಹುದು. ಆದರೆ 2023-24ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿ ಸುಮಾರು 49 ಸಾವಿರ ಭಾರತೀಯ ವಿದ್ಯಾರ್ಥಿಗಳಿದ್ದರು. ಬೇರೆ ಯಾವ ದೇಶದವರೂ ಅಷ್ಟು ಸಂಖ್ಯೆಯಲ್ಲಿ ಇರಲಿಲ್ಲ. ಅವರೊಳಗೆ ನಮ್ಮ ಅಣ್ಣನ ಮಗನಿದ್ದಾನೆ, ಅಕ್ಕನ ಮಗಳಿದ್ದಾಳೆ, ಪಕ್ಕದ ಮನೆಯವರ ಹುಡುಗನಿದ್ದಾನೆ. "ನೀವು ಅಲ್ಲೇ ಇದ್ದೀರಲ್ಲ, ಸ್ವಲ್ಪ ನೋಡ್ಕೊಳ್ಳಿ" ಎಂದು ಊರಿನಿಂದ ಫೋನ್ ಬರುವುದು ನಮಗೇ. ನೋಡಿಕೊಳ್ಳುವುದು ಎಂದರೆ ಏನು ಎನ್ನುವುದೇ ನನ್ನ ಇವತ್ತಿನ ಮಾತು.

ನಾನು 2011ರಲ್ಲಿ ಹಾಸನದಿಂದ ಮಾಸ್ಟರ್ಸ್ ಓದಲು ಇಲ್ಲಿಗೆ ಬಂದೆ. ಓದು ಮುಗಿಸಿ ಕೆಲಸಕ್ಕೆ ಸೇರಿ ಇಲ್ಲೇ ಉಳಿದೆ. ಈಗ ಕೆಲವು ವರ್ಷಗಳಿಂದ ಶನಿವಾರ ಬೆಳಿಗ್ಗೆ ಹೊಸದಾಗಿ ಬಂದ ಮಕ್ಕಳ ಜೊತೆ ಕೂತು ಅವರ ವೇಳಾಪಟ್ಟಿ ನೋಡುತ್ತೇನೆ. ಅಕ್ಟೋಬರ್ ತಿಂಗಳಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: "ಅಕ್ಕಾ, ವಾರಕ್ಕೆ ಹದಿನೈದು ಗಂಟೆ ಅಷ್ಟೇ ಕ್ಲಾಸು! ಬುಧವಾರ ಪೂರ್ತಿ ಖಾಲಿ!"

ಅವರ ಸಂತೋಷಕ್ಕೆ ಕಾರಣವಿದೆ. ವಿಟಿಯು ಅಡಿಯ ಕಾಲೇಜಿನಲ್ಲಿ 85 ಶೇಕಡಾ ಹಾಜರಿ ಬೇಕು, ಮಧ್ಯೆ ಇಂಟರ್ನಲ್ಸ್, ಲ್ಯಾಬ್ ರೆಕಾರ್ಡು, ಅಸೈನ್‌ಮೆಂಟು. ಸಮಯವನ್ನು ಕಾಲೇಜೇ ಇಟ್ಟುಕೊಂಡಿರುತ್ತಿತ್ತು. ಅದು ಬಿಟ್ಟುಕೊಟ್ಟಿದ್ದೇ ಬಿಡುವು. ಇಲ್ಲಿ ಹೆಚ್ಚಿನ ಉಪನ್ಯಾಸಗಳಿಗೆ ಹಾಜರಿ ತೆಗೆದುಕೊಳ್ಳುವುದಿಲ್ಲ. ಎಷ್ಟೋ ವಿಷಯಗಳಲ್ಲಿ ಕೊನೆಗೆ ಒಂದೇ ಪರೀಕ್ಷೆ. ಯಾರೂ ಕೇಳುವವರಿಲ್ಲ. ಹಾಗಾಗಿ ಖಾಲಿ ಬುಧವಾರ ಬಿಡುವಿನ ದಿನದಂತೆ ಕಾಣುತ್ತದೆ, ಇಲ್ಲವೇ ಕೆಲಸಕ್ಕೆ ಹೋಗುವ ದಿನದಂತೆ.

ಆ ಬುಧವಾರ ಎರಡೂ ಅಲ್ಲ. ಅದನ್ನು ತಿಳಿಯಲು ಕ್ರೆಡಿಟ್ ಎಂದರೇನು ಎಂದು ನೋಡಬೇಕು. 1999ರ ಬೊಲೊನ್ಯಾ ಘೋಷಣೆಯ ನಂತರ ಯುರೋಪಿನ ವಿಶ್ವವಿದ್ಯಾಲಯಗಳು ಕೋರ್ಸುಗಳನ್ನು ಒಂದೇ ಮಾನದಲ್ಲಿ ಅಳೆಯಲು ಶುರುಮಾಡಿದವು. ನಮ್ಮಲ್ಲಿ ಕ್ರೆಡಿಟ್ ಎಂದರೆ ಮುಖ್ಯವಾಗಿ ತರಗತಿಯ ಗಂಟೆಗಳ ಲೆಕ್ಕ. ಇಲ್ಲಿ ಅದು ವಿದ್ಯಾರ್ಥಿ ಪಡುವ ಒಟ್ಟು ಶ್ರಮದ ಲೆಕ್ಕ. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ. ತರಗತಿ, ಓದು, ಅಭ್ಯಾಸದ ಲೆಕ್ಕಗಳು, ಪರೀಕ್ಷೆಯ ತಯಾರಿ ಎಲ್ಲವೂ ಅದರೊಳಗೆ. ಸೆಮಿಸ್ಟರ್‌ಗೆ 30 ಕ್ರೆಡಿಟ್. ಮೂವತ್ತು ಗಂಟೆಯ ಲೆಕ್ಕ ಹಿಡಿದರೆ 900 ಗಂಟೆ. ವರ್ಷಕ್ಕೆ ಆರು ವಾರ ರಜೆ ಬಿಟ್ಟು ಉಳಿದ 46 ವಾರಕ್ಕೆ ಹಂಚಿದರೆ ವಾರಕ್ಕೆ 39 ಗಂಟೆ. ನಿಮ್ಮಲ್ಲಿ ಹಲವರ ಕೆಲಸದ ಕರಾರಿನಲ್ಲಿ ಇರುವುದೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಈ ದೇಶ ವಿದ್ಯಾರ್ಥಿಯನ್ನು ಪೂರ್ಣಾವಧಿ ನೌಕರನ ಹಾಗೆಯೇ ಲೆಕ್ಕ ಹಾಕಿದೆ, ಸಂಬಳ ಒಂದು ಬಿಟ್ಟು.

ಆರು ಕ್ರೆಡಿಟ್‌ನ ಒಂದು ವಿಷಯ ತೆಗೆದುಕೊಳ್ಳಿ: 180 ಗಂಟೆ. ವಾರಕ್ಕೆ ಮೂರು ಗಂಟೆಯಂತೆ ಹದಿನೈದು ವಾರ ತರಗತಿ ನಡೆದರೆ 45 ಗಂಟೆ ಆಯಿತು. ಉಳಿದ 135 ಗಂಟೆ ಎಲ್ಲಿ? ಅದು ವೇಳಾಪಟ್ಟಿಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಅದೇ ಆ ಖಾಲಿ ಬುಧವಾರ. ಉಪನ್ಯಾಸಗಳು ಮುಗಿದ ಮೇಲೆ ಬರುವ ಫೆಬ್ರುವರಿ, ಮಾರ್ಚ್ ತಿಂಗಳುಗಳೂ ಹಾಗೆಯೇ. ಅವನ್ನು ನಾವು 'ರಜೆ' ಎಂದು ಕರೆದು ಮಕ್ಕಳನ್ನು ದಾರಿ ತಪ್ಪಿಸುತ್ತೇವೆ. ಜರ್ಮನ್ನರು ಅದನ್ನು ಕರೆಯುವುದು 'ಉಪನ್ಯಾಸವಿಲ್ಲದ ಕಾಲ' ಎಂದು. ಅದೇ ಸರಿಯಾದ ಹೆಸರು.

ಇದು ಬರೀ ಲೆಕ್ಕದ ಮಾತಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಅನೇಕ ವಿಶ್ವವಿದ್ಯಾಲಯಗಳಲ್ಲಿ ಒಂದು ವಿಷಯಕ್ಕೆ ಮೂರು ಪ್ರಯತ್ನಗಳಷ್ಟೇ. ಕಡ್ಡಾಯ ವಿಷಯದಲ್ಲಿ ಮೂರನೆಯದರಲ್ಲೂ ಫೇಲಾದರೆ ಕೋರ್ಸಿನಿಂದಲೇ ಹೊರಗೆ. ಅದೇ ಕೋರ್ಸನ್ನು ಇಲ್ಲಿನ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವುದೂ ಸಾಮಾನ್ಯವಾಗಿ ಆಗುವುದಿಲ್ಲ. ಊರಿನಲ್ಲಿ ಬ್ಯಾಕ್‌ಲಾಗ್ ಎಂದರೆ ಮುಂದಿನ ಸಲ ಕಟ್ಟಿದರಾಯಿತು ಎಂಬ ಧೈರ್ಯವಿರುತ್ತದೆ. ಇಲ್ಲಿ ವೀಸಾ ನಿಂತಿರುವುದೇ ಓದಿನ ಮೇಲೆ. ಅದರ ಹಿಂದೆ ಬ್ಯಾಂಕಿನ ಸಾಲ, ಅದಕ್ಕೆ ಒತ್ತೆ ಇಟ್ಟ ಮನೆಯ ಪತ್ರ.

ಇನ್ನು ಕೆಲಸದ ಮಾತು. 2024ರ ಮಾರ್ಚ್‌ನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಮೊದಲು ಇದು 120 ಮತ್ತು 240 ಇತ್ತು. ವೆರ್ಕ್‌ಸ್ಟುಡೆಂಟ್ ಆಗಿ ದುಡಿಯುವವರಿಗೆ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಎಂಬುದು ನಿಮಗೆಲ್ಲ ಗೊತ್ತಿರುವ ಗೆರೆ. ಈ ಇಪ್ಪತ್ತು ಒಂದು ಮಿತಿ. ಆದರೆ ನಮ್ಮ ಮಕ್ಕಳ ನಡುವೆ ಅದು ಗುರಿಯಾಗಿಬಿಟ್ಟಿದೆ. ಹದಿನೈದು ಗಂಟೆ ಮಾಡುವವನನ್ನು "ಯಾಕೆ, ಇನ್ನೂ ಐದು ಗಂಟೆ ಇತ್ತಲ್ಲ" ಎಂದು ಕೇಳುತ್ತಾರೆ.

ದಾವಣಗೆರೆ ಕಡೆಯ ಒಬ್ಬ ಹುಡುಗಿಯ ಲೆಕ್ಕವನ್ನು ಅವಳ ಒಪ್ಪಿಗೆಯಿಂದ ಹೇಳುತ್ತೇನೆ, ಹೆಸರು ಬೇಡ. ವಾರಕ್ಕೆ ಐದು ಸಂಜೆ, ನಾಲ್ಕು ನಾಲ್ಕು ಗಂಟೆ, ಊರ ಹೊರಗಿನ ಒಂದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ. ಹೋಗಲು ಎಪ್ಪತ್ತು ನಿಮಿಷ, ಬರಲು ಎಪ್ಪತ್ತು. ಕೆಲಸ 20 ಗಂಟೆ, ಪ್ರಯಾಣ ಹತ್ತಿರ ಹತ್ತಿರ 12. ಓದಿಗೆ 39 ಸೇರಿಸಿ: 71. ದಿನಕ್ಕೆ ಎಂಟು ಗಂಟೆ ನಿದ್ರೆ ಎಂದರೆ 56. ವಾರದ 168 ಗಂಟೆಯಲ್ಲಿ ಇನ್ನೂ 41 ಉಳಿಯಿತು, ದಿನಕ್ಕೆ ಸುಮಾರು ಆರು ಗಂಟೆ. ಅಡುಗೆ, ಬಟ್ಟೆ, ಸಾಮಾನು ತರುವುದು ಎಲ್ಲ ಕಳೆದರೂ ಬಿಡುವು ಇದ್ದೇ ಇದೆ. ಕಾಗದದ ಮೇಲೆ ಅವಳಿಗೆ ಏನೂ ಕಷ್ಟವಿಲ್ಲ.

ಆದರೆ ಆ ಬಿಡುವು ಎಲ್ಲಿತ್ತು ಎಂದು ನಾವಿಬ್ಬರೂ ಕೂತು ಹುಡುಕಿದೆವು. ಎರಡು ತರಗತಿಗಳ ನಡುವೆ ಐವತ್ತು ನಿಮಿಷ. ಬಸ್ ಸ್ಟಾಪಿನಲ್ಲಿ ಇಪ್ಪತ್ತು ನಿಮಿಷ. ರಾತ್ರಿ ಹನ್ನೊಂದರ ಮೇಲೆ ಒಂದು ಗಂಟೆ, ಕಾಲು ಸೋತು ಹಾಸಿಗೆಯಲ್ಲಿ ಫೋನ್ ಹಿಡಿದುಕೊಂಡು. ಎಲ್ಲ ಚಿಲ್ಲರೆ. ಒಂದೇ ಒಂದು ನೋಟು ಇಲ್ಲ. ಓದೂ ಹಾಗೆಯೇ ಚಿಲ್ಲರೆಯಾಗಿತ್ತು. ಮೂರು ಗಂಟೆ ಸತತವಾಗಿ ಕೂರದೆ ಕಂಟ್ರೋಲ್ ಥಿಯರಿಯ ಒಂದು ಲೆಕ್ಕ ತಲೆಗೆ ಹತ್ತುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಹೋಯಿತು. ಓದಲಿಲ್ಲ ಎಂದು ಅವಳಿಗೆ ಹೇಳುವ ಹಾಗೂ ಇರಲಿಲ್ಲ, ದಿನವೂ ಓದಿದ್ದಳು.

ಬದಲಾಯಿಸಿದ್ದು ಇಷ್ಟೇ. ಬೇರೆ ಕಡೆ, ಅಷ್ಟೇ ದೂರದಲ್ಲಿ, ವಾರಕ್ಕೆ ಎರಡು ದಿನ ಎಂಟೆಂಟು ಗಂಟೆಯ ಕೆಲಸ ಹುಡುಕಿದಳು. 16 ಗಂಟೆ ಕೆಲಸ, ಪ್ರಯಾಣ ಐದು ಗಂಟೆಯೊಳಗೆ. ವಾರಕ್ಕೆ ಹನ್ನೊಂದು ಗಂಟೆ ಕೈಗೆ ಬಂತು, ಅದೂ ಪೂರ್ತಿ ಸಂಜೆಗಳಾಗಿ. ಕಳೆದುಕೊಂಡಿದ್ದು ನಾಲ್ಕು ಗಂಟೆಯ ಕೂಲಿ. 2025ರ ಕನಿಷ್ಠ ವೇತನ ಗಂಟೆಗೆ 12.82 ಯೂರೋ ಹಿಡಿದರೆ ತಿಂಗಳಿಗೆ 220 ಯೂರೋ ಆಸುಪಾಸು. ಅದು ಸಣ್ಣ ಮೊತ್ತ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಸೆಮಿಸ್ಟರ್ ಹೆಚ್ಚು ಉಳಿಯಬೇಕಾಗಿ ಬಂದರೆ ಆರು ತಿಂಗಳ ಬಾಡಿಗೆ, ವಿಮೆ, ಊಟ ಎಷ್ಟಾಗುತ್ತದೆ ಎಂದು ಇಲ್ಲಿ ಮನೆ ನಡೆಸುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಸೆಮಿಸ್ಟರ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಕಟ್ಟುನಿಟ್ಟು: ಆಗುವುದಾದರೆ ಕೆಲಸವೇ ಬೇಡ. 2024ರ ಸೆಪ್ಟೆಂಬರ್‌ನಿಂದ ವೀಸಾಕ್ಕಾಗಿ ಬ್ಲಾಕ್ಡ್ ಅಕೌಂಟಿನಲ್ಲಿ 11,904 ಯೂರೋ ಇಡಬೇಕು, ತಿಂಗಳಿಗೆ 992 ಕೈಗೆ ಬರುತ್ತದೆ. ಮ್ಯೂನಿಕ್‌ನಂಥ ಊರಿನಲ್ಲಿ ಅದು ಸಾಲದು, ನಿಜ. ಪೂರ್ವದ ಸಣ್ಣ ಊರುಗಳಲ್ಲಿ ವಿದ್ಯಾರ್ಥಿ ನಿಲಯದ ಕೋಣೆ ಸಿಕ್ಕರೆ ಸಾಕಾಗುತ್ತದೆ. ಆ ಹಣ ಇರುವುದೇ ಮೊದಲ ವರ್ಷ ದಾಟಲಿಕ್ಕೆ. ಅದನ್ನು ಮುಟ್ಟದೆ ಉಳಿಸಿ ಊರಿಗೆ ಕಳಿಸಬೇಕೆಂಬ ಹಟ ನಮ್ಮ ಮಕ್ಕಳಿಗೆ ಎಲ್ಲಿಂದ ಬಂತೋ!

ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿಲ್ಲದೆ ಏನಿಲ್ಲ. "ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ನಾನು ಈಜಲು ಹೋಗುವುದು ಸರಿಯಾ ಅಕ್ಕ?" ಎಂದು ಒಬ್ಬ ಹುಡುಗ ಕೇಳಿದ್ದ. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಕಡಿಮೆ ಶುಲ್ಕಕ್ಕೆ ಈಜು, ಬ್ಯಾಡ್ಮಿಂಟನ್, ಬೆಟ್ಟ ಹತ್ತುವುದು ಎಲ್ಲ ಇದೆ. ಜರ್ಮನ್ ವಿದ್ಯಾರ್ಥಿಗಳು ನೋಂದಣಿ ತೆರೆದ ಗಳಿಗೆಯಲ್ಲೇ ಜಾಗ ಹಿಡಿಯುತ್ತಾರೆ. ಅವರಿಗೆ ಅದು ವಾರದ ಲೆಕ್ಕದಲ್ಲಿ ಮೊದಲು ಬರೆಯುವ ಸಾಲು, ನಮ್ಮವರಿಗೆ ಎಲ್ಲ ಮುಗಿದ ಮೇಲೆ ಉಳಿದರೆ ನೋಡುವ ಸಾಲು. ಉಳಿಯುವುದಿಲ್ಲ. ನಮ್ಮ ಕಡೆ ಅನೇಕ ಹಳ್ಳಿಗಳಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಸಾಲ ಇಲ್ಲದ ರೈತನಷ್ಟೇ ಆ ಕಟ್ಟಳೆ ಪಾಲಿಸುತ್ತಿದ್ದ ಎಂದೇನೂ ಇಲ್ಲ. ಆ ಹುಡುಗನಿಗೆ ನಾನು ಇದನ್ನೇ ಹೇಳಿದೆ.

ಈ ದೇಶದ ಭಾನುವಾರವೂ ಅಂಥದ್ದೇ. ಅದು ಸಂವಿಧಾನದಲ್ಲೇ ಇದೆ; 1919ರ ವೈಮಾರ್ ಸಂವಿಧಾನದ ವಿಧಿಯನ್ನು ಈಗಿನ ಮೂಲ ಕಾನೂನಿನ 140ನೇ ವಿಧಿ ಹಾಗೆಯೇ ಉಳಿಸಿಕೊಂಡಿದೆ. ಹೊಸದಾಗಿ ಬಂದವರಿಗೆ ಅಂಗಡಿ ಮುಚ್ಚಿದ ಭಾನುವಾರ ಊರೇ ಬಿಕೋ ಎನ್ನುತ್ತದೆ. ಬಾಕಿ ಓದು, ವಾರದ ಅಡುಗೆ, ಬಟ್ಟೆ ಎಲ್ಲವನ್ನೂ ಆ ಒಂದು ದಿನಕ್ಕೆ ತುರುಕುತ್ತಾರೆ. ಚಳಿಗಾಲದಲ್ಲಿ ಇನ್ನೊಂದು ತೊಡಕು: ಡಿಸೆಂಬರ್‌ನಲ್ಲಿ ನಾಲ್ಕು, ನಾಲ್ಕೂವರೆಗೆ ಸೂರ್ಯ ಮುಳುಗುತ್ತಾನೆ. ಸಂಜೆ ಬಿಡುವು ಮಾಡಿಕೊಳ್ಳುತ್ತೇನೆ ಎಂದವನಿಗೆ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಮಧ್ಯಾಹ್ನ ಮೆನ್ಸಾದಲ್ಲಿ ಊಟ ಮಾಡಿ ಅರ್ಧ ಗಂಟೆ ಹೊರಗೆ ನಡೆಯಿರಿ, ಓದನ್ನು ಕತ್ತಲಿಗೆ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ. ಮನೆಯ ಫೋನ್ ಕೂಡ ಆಗ ಬರುವ ಹಾಗೆ ಮಾಡಬಹುದು. ಚಳಿಗಾಲದಲ್ಲಿ ಭಾರತ ನಾಲ್ಕೂವರೆ ಗಂಟೆ ಮುಂದಿದೆ. ಅಮ್ಮ ರಾತ್ರಿ ಊಟ ಮುಗಿಸಿ ಒಂಬತ್ತಕ್ಕೆ ಮಾಡುವ ಕರೆ ಇಲ್ಲಿ ನಾಲ್ಕೂವರೆಗೆ, ಗ್ರಂಥಾಲಯದಲ್ಲಿ ಆಗಷ್ಟೇ ಮನಸ್ಸು ಕೂತ ಹೊತ್ತಿಗೆ ಬರುತ್ತದೆ. ಸಂಜೆ ಕಾಫಿ ಹೊತ್ತಿಗೆ ಮಾಡಿದರೆ ಇಲ್ಲಿ ನಡಿಗೆಯ ಹೊತ್ತು. ಎರಡೂ ಕಡೆಯವರು ನಗುತ್ತಾ ಮಾತಾಡಬಹುದು.

ಒಂದು ಮಾತು ಗಂಭೀರವಾಗಿ. ನಿದ್ರೆ ಬಾರದೆ, ಕೋಣೆಯಿಂದ ಹೊರಗೆ ಬಾರದೆ ಇರುವ ಮಗುವಿಗೆ "ಟೈಮ್ ಮ್ಯಾನೇಜ್ ಮಾಡು" ಎಂಬ ಉಪದೇಶ ಸಲ್ಲದು. ಸ್ಟುಡಿಯೆರೆಂಡೆನ್‌ವೆರ್ಕ್‌ಗಳು ಆಪ್ತ ಸಮಾಲೋಚನೆ ಒದಗಿಸುತ್ತವೆ, ಬಹಳ ಕಡೆ ಉಚಿತವಾಗಿ, ಎಷ್ಟೋ ಕಡೆ ಇಂಗ್ಲಿಷಿನಲ್ಲೂ. ಮೊದಲ ಸಲ ಜೊತೆಗೆ ಹೋಗಿ ಬನ್ನಿ. ಹಾಗೆಯೇ ಪರೀಕ್ಷೆಗೆ ನೋಂದಾಯಿಸಿದ ಮೇಲೂ ಗಡುವಿನೊಳಗೆ ಹಿಂದೆ ಸರಿಯಲು ಅನೇಕ ಕಡೆ ಅವಕಾಶವಿದೆ. ಆರು ವಿಷಯ ಬರೆದು ಮೂರು ಕಳೆದುಕೊಳ್ಳುವುದಕ್ಕಿಂತ ನಾಲ್ಕು ಬರೆದು ನಾಲ್ಕೂ ಪಾಸಾಗುವುದು ಮೇಲು. ಮೂರು ಪ್ರಯತ್ನಗಳಲ್ಲಿ ಒಂದು ಉಳಿಯುತ್ತದೆ.

ಇನ್ನು ನಮ್ಮ ಪಾಲು. ವಿದ್ಯಾರ್ಥಿ ಸಿಕ್ಕಾಗ ನಾವು ಕೇಳುವ ಮೊದಲ ಪ್ರಶ್ನೆ "ಪಾರ್ಟ್‌ಟೈಮ್ ಸಿಕ್ತಾ?" ಎಂದು. ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ಅಕ್ಟೋಬರ್‌ನಲ್ಲಿ ಐದು ಮಂದಿ ಹಿರಿಯರು ಅದನ್ನೇ ಕೇಳಿದರೆ ನವೆಂಬರ್‌ನಲ್ಲಿ ಆ ಹುಡುಗ ಗೋದಾಮಿನಲ್ಲಿರುತ್ತಾನೆ. ನಿಮ್ಮ ಕಂಪನಿಯಲ್ಲಿ ವೆರ್ಕ್‌ಸ್ಟುಡೆಂಟ್ ತೆಗೆದುಕೊಳ್ಳುವವರು ನೀವಾಗಿದ್ದರೆ, ಎರಡು ಪೂರ್ಣ ದಿನಗಳ ಕೆಲಸ ಕೊಡಿ, ಪರೀಕ್ಷೆಯ ತಿಂಗಳಲ್ಲಿ ಗಂಟೆ ಕಡಿಮೆ ಮಾಡಿ ಆಮೇಲೆ ತುಂಬಿಕೊಳ್ಳಲು ಬಿಡಿ. ಮೇಲಧಿಕಾರಿ ಒಪ್ಪಿದರೆ ಅದು ಒಂದು ಇಮೇಲ್‌ನ ಕೆಲಸ.

ನಮ್ಮ ಕನ್ನಡ ಕೂಟಗಳ ಬಗ್ಗೆಯೂ ಹೇಳಬೇಕು. ಕುರ್ಚಿ ಹಾಕುವವರು, ಧ್ವನಿವರ್ಧಕ ಹೊರುವವರು, ನಾಟಕಕ್ಕೆ ತಾಲೀಮು ಮಾಡುವವರು, ಕೊನೆಗೆ ಪಾತ್ರೆ ತೊಳೆಯುವವರು ಯಾರು? ವಿದ್ಯಾರ್ಥಿಗಳೇ. ಅವರಿಗೂ ಅದು ಸಂತೋಷ, ಊರಿನ ಊಟ, ನಾಲ್ಕು ಜನರ ಮುಖ. ರಾಜ್ಯೋತ್ಸವಕ್ಕೆ ತೊಂದರೆಯಿಲ್ಲ, ಸೆಮಿಸ್ಟರ್ ಆಗಷ್ಟೇ ಶುರುವಾಗಿರುತ್ತದೆ. ಬವೇರಿಯಾ, ಬಾಡೆನ್-ವುರ್ಟೆಂಬರ್ಗ್‌ಗಳಲ್ಲಿ ನವೆಂಬರ್ 1 ಸರ್ಕಾರಿ ರಜೆ ಬೇರೆ, ನಮಗಾಗಿ ಅಲ್ಲದಿದ್ದರೂ. ಗಣೇಶನ ಹಬ್ಬದ ಹೊತ್ತಿಗೆ ಹೆಚ್ಚಿನವರ ಪರೀಕ್ಷೆ ಮುಗಿದಿರುತ್ತದೆ. ಕಷ್ಟವಿರುವುದು ಸಂಕ್ರಾಂತಿಯದು. ಸಭಾಂಗಣ ಸಿಗುವುದು ಜನವರಿ ಕೊನೆಗೆ, ತಾಲೀಮು ಜನವರಿಯ ಪ್ರತಿ ಶನಿವಾರ, ಭಾನುವಾರ. ಪರೀಕ್ಷೆ ಫೆಬ್ರುವರಿಯ ಮೊದಲ ವಾರಗಳಲ್ಲಿ. ವರ್ಷದ ಅತಿ ದುಬಾರಿ ಭಾನುವಾರಗಳನ್ನು ನಾವು ಎಳ್ಳು ಬೆಲ್ಲ ಕೊಟ್ಟು ತೆಗೆದುಕೊಳ್ಳುತ್ತಿದ್ದೇವೆ.

ಮಧ್ಯಾಹ್ನದ ಕಲಾಪದಲ್ಲಿ ಮುಂದಿನ ವರ್ಷದ ಕಾರ್ಯಕ್ರಮಗಳ ದಿನ ನಿಗದಿಯಾಗಲಿದೆ. ಸಂಕ್ರಾಂತಿಯ ಊಟ, ಎಳ್ಳು ಬೀರುವುದು ಜನವರಿಯಲ್ಲೇ ಇರಲಿ, ಕೆಲಸ ನಮ್ಮ ಮೇಲಿರಲಿ. ವಿದ್ಯಾರ್ಥಿಗಳು ಅತಿಥಿಗಳಾಗಿ ಬಂದು ಉಂಡು ಹೋಗಲಿ. ನಾಟಕವನ್ನು ಯುಗಾದಿಗೆ ಸರಿಸೋಣ ಎಂಬುದು ನನ್ನ ಸಲಹೆ. ವಿಶ್ವವಿದ್ಯಾಲಯಗಳು ಉಪನ್ಯಾಸ ಅವಧಿಯ ದಿನಾಂಕಗಳನ್ನು ಸಾಕಷ್ಟು ಮುಂಚಿತವಾಗಿಯೇ ಪ್ರಕಟಿಸುತ್ತವೆ. ನಮ್ಮ ಸುತ್ತಲಿನ ನಾಲ್ಕು ಊರುಗಳದ್ದನ್ನು ಒಂದೇ ಹಾಳೆಯಲ್ಲಿ ಬರೆದು ತಂದಿದ್ದೇನೆ, ನೋಂದಣಿ ಮೇಜಿನ ಮೇಲೆ ಕಾಫಿ ಫ್ಲಾಸ್ಕಿನ ಪಕ್ಕದಲ್ಲಿದೆ. ಊಟಕ್ಕೆ ಮೊದಲು ಸಮಿತಿಯವರು ಒಂದೊಂದು ಪ್ರತಿ ತೆಗೆದುಕೊಳ್ಳಬೇಕು.