ಉಜ್ಜಬೇಡಿ, ನೆನೆಯಲು ಬಿಡಿ

ಕೊಳವೆಬಾವಿ ನೀರಿನ ಮನೆಗಳಲ್ಲಿ ಬಕೆಟ್ಟು, ಚೊಂಬು, ನಲ್ಲಿಯ ಬಾಯಿ, ಬಚ್ಚಲಿನ ಟೈಲ್ಸು ಎಲ್ಲಕ್ಕೂ ಒರಟಾದ ಬಿಳಿ ಪದರ ಕಟ್ಟಿಕೊಂಡಿರುತ್ತದೆ. ಕೋಲಾರದ ಕಡೆಯವರಿಗೆ ಇದನ್ನು ವರ್ಣಿಸಿ ಹೇಳಬೇಕಾಗಿಲ್ಲ. ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆಯಲ್ಲಿ ಅದನ್ನು ತೆಗೆಯುವವರು ಯಾರು? ತೋಳಿನಲ್ಲಿ ಹಿಂದಿನ ಕಸುವಿಲ್ಲ, ಮಂಡಿ ಬಗ್ಗುವುದಿಲ್ಲ. ಕೊನೆಗೆ ಅಂಗಡಿಯಿಂದ ಆಸಿಡ್ ಬಾಟಲಿ ಬರುತ್ತದೆ. ಸುರಿದೊಡನೆ ಬುಸುಗುಟ್ಟಿ ನೆಲ ಬೆಳ್ಳಗಾಗುತ್ತದೆ. ಬೆನ್ನಿಗೇ ಕೆಮ್ಮು ಶುರುವಾಗುತ್ತದೆ.

ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ರಸಾಯನತಜ್ಞ ಹರ್ಬರ್ಟ್ ಸಿನ್ನರ್ 1959ರಲ್ಲಿ ಕೊಳೆ ತೊಳೆಯುವ ಕೆಲಸಕ್ಕೆ ಒಂದು ಸರಳ ಲೆಕ್ಕ ಹಾಕಿಕೊಟ್ಟರು. ಅದಕ್ಕೆ ಬೇಕಾದದ್ದು ನಾಲ್ಕು: ಮಾರ್ಜಕ, ಉಜ್ಜುವ ಬಲ, ಬಿಸಿ, ಹೊತ್ತು. ಒಂದು ಕಡಿಮೆಯಾದರೆ ಇನ್ನೊಂದು ಹೆಚ್ಚಬೇಕು. ಈ ಲೆಕ್ಕವನ್ನು ಹಿರಿಯರ ಮನೆಗೆ ಹಚ್ಚಿ ನೋಡಿ. ಬಲ ಹೇಗೂ ಕಡಿಮೆ. ಕುದಿನೀರು ಹಿಡಿದು ಜಾರುವ ನೆಲದಲ್ಲಿ ನಡೆಯುವುದು ಬೇಡ. ಖಾರವಾದ ಮಾರ್ಜಕ ಶ್ವಾಸಕೋಶಕ್ಕೂ ತೆಳುವಾದ ಚರ್ಮಕ್ಕೂ ಒಗ್ಗುವುದಿಲ್ಲ. ಉಳಿದದ್ದು ಹೊತ್ತು. ಅದಕ್ಕೆ ಘಾಟಿಲ್ಲ, ದುಡ್ಡೂ ಕೊಡಬೇಕಿಲ್ಲ. ಸೀದ ಪಾತ್ರೆಗೆ ಬೂದಿನೀರು ಹಾಕಿ ರಾತ್ರಿಯಿಡೀ ಬಿಡುತ್ತಿದ್ದ ಅಜ್ಜಿಯರು ಇದೇ ಲೆಕ್ಕದಲ್ಲಿ ಪಳಗಿದ್ದವರು. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟು ಜಿಡ್ಡನ್ನು ನಿಧಾನಕ್ಕೆ ಸಾಬೂನಾಗಿಸುತ್ತಿತ್ತು.

ಬಿಳಿ ಪದರ ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನದೇ ವಸ್ತು. ಹೈಡ್ರೊಕ್ಲೋರಿಕ್ ಆಮ್ಲ ಅದನ್ನು ನಿಮಿಷದಲ್ಲಿ ಕರಗಿಸುತ್ತದೆ. ದಿನಸಿ ಅಂಗಡಿಯ ನಿಂಬೆಉಪ್ಪು, ಎಂದರೆ ಸಿಟ್ರಿಕ್ ಆಮ್ಲ, ಅದೇ ಕೆಲಸವನ್ನು ಗಂಟೆಗಟ್ಟಲೆ ತೆಗೆದುಕೊಂಡು ಮಾಡುತ್ತದೆ. ಬಕೆಟ್ಟಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ, ಎರಡು ಮೂರು ಚಮಚ ನಿಂಬೆಉಪ್ಪು ಕದಡಿ, ಚೊಂಬನ್ನೂ ಅದರಲ್ಲೇ ಮುಳುಗಿಸಿ ಮಲಗಿಬಿಡಿ. ಬೆಳಿಗ್ಗೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ಸಾಕು. ನಲ್ಲಿಯ ಬಾಯಿಗೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ಸುತ್ತಿ ಒಂದು ಗಂಟೆ ಬಿಡಬಹುದು. ಅದರಲ್ಲಿ ಅಸಿಟಿಕ್ ಆಮ್ಲ ಇರುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ.

ಆದರೆ ಹುಳಿ ಯಾವುದೇ ಇರಲಿ, ನೆಲ ಯಾವುದು ಎಂದು ನೋಡದೆ ಸುರಿಯಬಾರದು. ಕಡಪ ಕಲ್ಲು ಸುಣ್ಣಕಲ್ಲಿನ ಜಾತಿಯದು, ಅಮೃತಶಿಲೆಯೂ ಹಾಗೆಯೇ. ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ಮತ್ತು ಮೊಸಾಯಿಕ್‌ನಲ್ಲಿರುವುದು ಸಿಮೆಂಟು. ನಿಂಬೆಹುಳಿಗೆ ಕಲೆ ಯಾವುದು, ಕಲ್ಲು ಯಾವುದು ಎಂಬ ಭೇದ ತಿಳಿಯದು. ಎರಡನ್ನೂ ತಿನ್ನುತ್ತದೆ. ಗ್ರಾನೈಟು, ಸೆರಾಮಿಕ್ ಟೈಲ್ಸು ಇದಕ್ಕೆ ಅಷ್ಟಾಗಿ ಅಂಜುವುದಿಲ್ಲ.

ದೇವರ ಮನೆಯ ಹಿತ್ತಾಳೆಗೆ ಹುಣಸೆಹಣ್ಣನ್ನು ಮೀರಿಸುವ ಪುಡಿಯನ್ನು ನಾನಂತೂ ಕಂಡಿಲ್ಲ. ಅದರ ಟಾರ್ಟಾರಿಕ್ ಆಮ್ಲ ಕಪ್ಪಗಾದ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆ, ಚಿಟಿಕೆ ಉಪ್ಪು ಬಿದ್ದರೆ ಇನ್ನೂ ಚುರುಕು. ಬಳಿದು ಕಾಲು ಗಂಟೆ ಬಿಟ್ಟರೆ ತಿಕ್ಕುವ ಶ್ರಮ ಅರ್ಧ ಇಳಿಯುತ್ತದೆ.

ಜಿಡ್ಡಿಗೆ ಅಂಟುವಾಳ. ಅದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ಅಣುಗಳಿವೆ. ಅಣುವಿನ ಒಂದು ತುದಿ ನೀರನ್ನು, ಇನ್ನೊಂದು ತುದಿ ಎಣ್ಣೆಯನ್ನು ಹಿಡಿದುಕೊಳ್ಳುವುದರಿಂದ ಜಿಡ್ಡು ನೀರಿನ ಜೊತೆ ಹೊರಟುಹೋಗುತ್ತದೆ. ಬೀಜ ತೆಗೆದ ಏಳೆಂಟು ಕಾಯಿಗಳನ್ನು ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ ಕಿವುಚಿ ಸೋಸಿಕೊಂಡರೆ ಒಲೆಕಟ್ಟೆಗೂ ಪಾತ್ರೆಗೂ ಆಗುತ್ತದೆ. ಎರಡು ಮೂರು ದಿನಕ್ಕೆ ಹುಳಿತು ನಾರುವುದರಿಂದ ಸ್ವಲ್ಪವೇ ಮಾಡಿಕೊಳ್ಳಿ. ಕಣ್ಣಿಗೆ ಬಿದ್ದರೆ ವಿಪರೀತ ಉರಿ. ಬಚ್ಚಲಿನ ನೆಲಕ್ಕೆ ಹಾಕಿದರೆ ಚೆನ್ನಾಗಿ ನೀರು ಹೊಯ್ದು, ಒಣಗಿದ ಮೇಲೆಯೇ ಕಾಲಿಡಬೇಕು. ಕಾಡಿನದಾದರೂ ನೊರೆ ನೊರೆಯೇ, ಜಾರುತ್ತದೆ. ಈ ವಯಸ್ಸಿನಲ್ಲಿ ಬಚ್ಚಲಿನ ಕೀಟಾಣುಗಿಂತ ಅಲ್ಲಿನ ಜಾರಿಕೆಗೇ ನಾನು ಹೆಚ್ಚು ಹೆದರುತ್ತೇನೆ.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿದರೆ ಏಳುವ ನೊರೆಯನ್ನು ನೋಡಿ ಮರುಳಾಗುವವರು ಬಹಳ. ಕ್ಷಾರವೂ ಆಮ್ಲವೂ ಪರಸ್ಪರ ತೀರಿಸಿಕೊಂಡು ಇಂಗಾಲದ ಡೈಆಕ್ಸೈಡ್ ಹಾರಿಹೋದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣದ ಸಪ್ಪೆ ನೀರು. ಸೋಡಾದಿಂದ ಬೇರೆ ಉಜ್ಜಿ, ವಿನೆಗರ್‌ನಿಂದ ಬೇರೆ ತೊಳೆಯಿರಿ.

ಘಾಟಿನ ವಿಷಯಕ್ಕೆ ಬರೋಣ. ನಾರ್ವೆಯ ಬರ್ಗೆನ್ ವಿಶ್ವವಿದ್ಯಾಲಯದ ತಂಡವೊಂದು 6,235 ಮಂದಿಯ 20 ವರ್ಷಗಳ ಮಾಹಿತಿಯನ್ನು ವಿಶ್ಲೇಷಿಸಿ 2018ರಲ್ಲಿ ವರದಿ ಪ್ರಕಟಿಸಿತು. ಮನೆ ಶುಚಿಮಾಡುವ ಹೆಂಗಸರಲ್ಲಿ, ಮೊದಲ ಸೆಕೆಂಡಿನಲ್ಲಿ ಜೋರಾಗಿ ಊದಿ ಹೊರಹಾಕಬಲ್ಲ ಉಸಿರಿನ ಪ್ರಮಾಣ, ಆ ಕೆಲಸ ಮಾಡದವರಿಗಿಂತ ವರ್ಷಕ್ಕೆ 3.6 ಮಿಲಿಲೀಟರ್‌ನಷ್ಟು ಹೆಚ್ಚು ಕುಸಿದಿತ್ತು. ಗಂಡಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಕಾರಣ ಇದೇ ಎಂದು ಇಂಥ ಅಧ್ಯಯನ ಸಾಬೀತು ಮಾಡುವುದಿಲ್ಲ, ಎಚ್ಚರಿಕೆಗಂತೂ ಸಾಕು. ಹಾಗೆಂದು ಗಿಡಮೂಲದ ಪರಿಮಳಕ್ಕೆ ವಿನಾಯಿತಿ ಇದೆಯೆಂದು ತಿಳಿಯಬೇಡಿ. ನಿಂಬೆಜಾತಿಯ ಸಿಪ್ಪೆಯೆಣ್ಣೆಯಲ್ಲಿರುವ ಲಿಮೊನೀನ್ ಗಾಳಿಯ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಸ್ವಚ್ಛವಾದ ನೆಲಕ್ಕೆ ವಾಸನೆಯೇ ಬೇಕಿಲ್ಲ.

ವಾಂತಿಭೇದಿ ಆದ ಮನೆಯಲ್ಲಿ ಮಾತ್ರ ನಿಂಬೆ, ಅಂಟುವಾಳಗಳನ್ನು ನಂಬಿ ಕೂರಬಾರದು. ನೊರೋವೈರಸ್‌ನಂಥವಕ್ಕೆ ಅವು ಸಾಲವು. ಮೊದಲು ಸಾಬೂನು ನೀರಿನಲ್ಲಿ ಕೊಳೆ ತೆಗೆದು ನೀರು ಹೊಯ್ದು, ಆಮೇಲೆ ಬ್ಲೀಚು. ಬಾಟಲಿಯಲ್ಲಿ ಶೇಕಡ 5ರಷ್ಟು ಸೋಡಿಯಂ ಹೈಪೊಕ್ಲೋರೈಟ್ ಇದ್ದರೆ ಒಂದು ಪಾಲಿಗೆ 49 ಪಾಲು ತಣ್ಣೀರು ಬೆರೆಸಿದಾಗ ಶೇಕಡ 0.1ರ ದ್ರಾವಣವಾಗುತ್ತದೆ. ಬಳಿದು ಹತ್ತು ನಿಮಿಷ ಬಿಡಿ. ಇಲ್ಲಿಯೂ ಹೊತ್ತೇ ಮುಖ್ಯ. ಸಾಧ್ಯವಾದರೆ ಮನೆಯ ಕಿರಿಯರೇ ಇದನ್ನು ಮಾಡಲಿ, ಕಿಟಕಿ ತೆರೆದಿರಲಿ.

ಆ ದಿನ ನಿಂಬೆಉಪ್ಪು, ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದೂ ಆ ಬಚ್ಚಲಿಗೆ ಹೋಗಬಾರದು. ಬ್ಲೀಚಿಗೆ ಆಮ್ಲ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲದ ಹತ್ತಿರವೇ ನಿಲ್ಲುತ್ತದೆ, ಬಗ್ಗಿ ಉಜ್ಜುವವರ ಮೂಗು ಇರುವುದೂ ಅಲ್ಲೇ. 80 ದಾಟಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ವಾಸನೆಯ ಶಕ್ತಿ ಕುಂದಿರುತ್ತದೆ, ಅಪಾಯ ಹತ್ತಿರ ಬಂದರೂ ಗೊತ್ತಾಗುವುದು ತಡ. ಆದ್ದರಿಂದ ಬ್ಲೀಚಿನ ಬಾಟಲಿಯನ್ನೂ ಆಮ್ಲದ ಬಾಟಲಿಯನ್ನೂ ಒಂದೇ ಗೂಡಿನಲ್ಲಿ ಇಡಬೇಡಿ. ಹಳೆಯ ನೀರಿನ ಬಾಟಲಿಗೆ ತುಂಬಿಡುವ ಅಭ್ಯಾಸ ಬಿಡಿ. ಬ್ಲೀಚಿನ ಮೇಲೆ ಕನ್ನಡಕವಿಲ್ಲದೆ ಓದುವಷ್ಟು ದಪ್ಪಕ್ಷರದಲ್ಲಿ ಹೆಸರು ಬರೆದು ಅಂಟಿಸಿ.