ಇಗುವಾನಾ ಸಾಕಬಹುದೇ?

ಪ್ರಶ್ನೆ: ಮಗ ಹಸಿರು ಇಗುವಾನಾ ಬೇಕೆಂದು ಹಠ ಹಿಡಿದಿದ್ದಾನೆ. ಕೊಡಿಸಬಹುದೇ?

ಉತ್ತರ: ಅಂಗಡಿಯಲ್ಲಿ ಅಂಗೈ ಮೇಲೆ ಕೂರುವ ಮರಿಯನ್ನು ನೋಡಿ ಮೋಸಹೋಗಬೇಡಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಮರವಾಸಿ ಮೂರ್ನಾಲ್ಕು ವರ್ಷಕ್ಕೆಲ್ಲ ಬಾಲ ಸೇರಿ ನಾಲ್ಕೈದು ಅಡಿಯಾಗುತ್ತದೆ. ಚೆನ್ನಾಗಿ ನೋಡಿಕೊಂಡರೆ 15-20 ವರ್ಷ ಬದುಕುತ್ತದೆ. ಅಷ್ಟರಲ್ಲಿ ಮಗ ಓದು, ಕೆಲಸ ಅಂತ ಊರು ಬಿಟ್ಟಿರುತ್ತಾನೆ, ಸೊಪ್ಪು ಹೆಚ್ಚುವವರು ನೀವೇ!

ಹತ್ತಿ ಓಡಾಡಲು ಕೋಣೆಯಷ್ಟೇ ಜಾಗ ಬೇಕು. ಬಿಸಿಲಂತೂ ಬೇಕೇ ಬೇಕು. ಕಿಟಕಿ ಪಕ್ಕ ಇಟ್ಟರಾಯಿತು ಅನ್ನುವವರಿದ್ದಾರೆ. ಆದರೆ ಬೇಕಾದ ಅತಿನೇರಳೆ ಕಿರಣವನ್ನು ಗಾಜೇ ತಡೆಯುತ್ತದೆ. ಆ ಕಿರಣವಿಲ್ಲದೆ ಡಿ3 ವಿಟಮಿನ್ ಇಲ್ಲ, ಅದಿಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು. ದವಡೆ ಮೆತ್ತಗಾಗಿ ಊದಿಕೊಳ್ಳುತ್ತದೆ, ಕಾಲು ನಡುಗುತ್ತದೆ. ಊಟಕ್ಕೆ ನುಗ್ಗೆಸೊಪ್ಪು, ದಾಸವಾಳದ ಎಲೆ-ಹೂವಿನಂಥವು ಸಾಕು. ಮಾಂಸ, ಮೊಟ್ಟೆ ಬೇಡ.

ಬೆದೆಗೆ ಬಂದ ಗಂಡು ಕಚ್ಚೀತು, ಬಾಲದಿಂದ ಬಾರಿಸೀತು. ಸಾಲ್ಮೊನೆಲ್ಲಾ ಸೋಂಕಿನ ಭಯವಿರುವುದರಿಂದ ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಲೇಬೇಕು.

ಇನ್ನು ಕಾನೂನು. 2024ರ ನಿಯಮದಂತೆ ಸರ್ಕಾರದ ‘ಪರಿವೇಶ್ 2.0’ ಪೋರ್ಟಲ್‌ನಲ್ಲಿ ಇಗುವಾನಾದ ನೋಂದಣಿ ಕಡ್ಡಾಯ. ‘ಹಾಗಾದರೆ ನಮ್ಮ ಉಡವನ್ನೇ ಸಾಕೋಣ’ ಅಂದೀರಿ, ಅದು ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಹಿಡಿದರೆ ಜೈಲು.