ಛರ್ರಾ ಬಂದೂಕಿನ ಹದ

ಪುಗ್ಗಾ ಹೊಡೆಯುವ ಅಂಗಡಿ ಬಾರದಿದ್ದರೆ ಭಾತಂಬ್ರಾ ಕಡೆಯ ಹುಡುಗರಿಗೆ ಜಾತ್ರೆ ಸಪ್ಪೆ. ಆ ಅಂಗಡಿಗಳ ಛರ್ರಾ (ಸಣ್ಣ ಗುಂಡು) ಹಾರಿಸುವ ಗಾಳಿ ಬಂದೂಕು ರಿಪೇರಿ ಮಾಡುವ ಕಾಕಾ ಒಬ್ಬರನ್ನು ನೋಡಲೆಂದೇ ನಾನು ಭಾಲ್ಕಿ ತಾಲ್ಲೂಕಿಗೆ ಬಂದೆ.

ಕಾಕಾ ಹಿಡಿದಿದ್ದು ಗಿಡ್ಡ ನಳಿಗೆಯ ಬಂದೂಕು. ಸ್ಪ್ರಿಂಗನ್ನು ಹುಷಾರಾಗಿ ಸಡಿಲಿಸಿ ಪಿಸ್ಟನ್ ಹೊರಗೆಳೆದರು. ತುದಿಯ ಚರ್ಮದ ವಾಷರ್ ಒಣಗಿ ಸುಕ್ಕಾಗಿತ್ತು. ಎಣ್ಣೆಯಲ್ಲಿ ನೆನೆಹಾಕಿದ್ದ ಹೊಸ ವಾಷರನ್ನು ಹೆಬ್ಬೆರಳಿಂದ ಒತ್ತಿ ಒತ್ತಿ, ಅಂಚು ಸಿಲಿಂಡರಿಗೆ ಸಮನಾಗಿ ತಾಗುವಂತೆ ಕೂರಿಸಿದರು. ಅಂಚಿನಲ್ಲಿ ಗಾಳಿ ಸೋರಿದರೆ ವೇಗ ಹೋಯಿತು. ಎಣ್ಣೆ ಹೆಚ್ಚಾದರೂ ಕಷ್ಟ: ಒತ್ತಡದ ಬಿಸಿಗೆ ಅದು ಹೊತ್ತಿ ಹೊಗೆ ಬರುತ್ತದೆ, ಸದ್ದು ಜೋರಾಗುತ್ತದೆ, ಸ್ಪ್ರಿಂಗ್ ಬೇಗ ಮುರಿಯುತ್ತದೆ.

"ಸಪ್ಪಳಕ್ಕ ಮರುಳಾಗಬ್ಯಾಡ್ರಿ ಸರ. ಜೋರ್ ಹೊಡಿಯೋದು ಬ್ಯಾರೆ, ಹೊಡದಲ್ಲೇ ಹೊಡಿಯೋದು ಬ್ಯಾರೆ" ಎಂದರು. ವೇಗ ಅಳೆಯುವ ಯಂತ್ರ ಅವರಲ್ಲಿಲ್ಲ. ಬಟ್ಟೆ ಸೋಪಿನ ಬಿಲ್ಲೆಗೆ ಹೊಡೆದು, ಛರ್ರಾ ಎಷ್ಟು ಆಳಕ್ಕೆ ಹೋಯಿತೆಂದು ಕಡ್ಡಿ ಇಳಿಸಿ ನೋಡುತ್ತಾರೆ. ಪ್ರತಿ ಸಲವೂ ಆಳ ಒಂದೇ ಬಂದರೆ ಬಂದೂಕು ಹದಕ್ಕೆ ಬಂದಂತೆ.

ನಳಿಗೆ ಗಿಡ್ಡಾದರೆ ವೇಗ ಕುಸಿಯುತ್ತದೆಂಬ ನಂಬಿಕೆ ಸ್ಪ್ರಿಂಗ್ ಬಂದೂಕಿನ ಮಟ್ಟಿಗೆ ಅಷ್ಟು ನಿಜವಲ್ಲ. ಗಾಳಿಯ ತಳ್ಳು ಮೊದಲ ಗೇಣಿನಲ್ಲೇ ಬಹುಪಾಲು ಮುಗಿದಿರುತ್ತದೆ. ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಬಂದೂಕಿಗೆ ಮಾತ್ರ ಉದ್ದ ನಳಿಗೆಯಿಂದ ಹೆಚ್ಚು ಲಾಭ. ಇನ್ನು ಛರ್ರಾದ ಅಳತೆ. 4.5 ಮಿ.ಮೀ.ನದು ಅರ್ಧ ಗ್ರಾಂ ಆಸುಪಾಸು, 5.5ರದು ಒಂದು ಗ್ರಾಂ ಹತ್ತಿರ. 8 ಜೂಲ್ ಶಕ್ತಿಯಲ್ಲಿ ಮೊದಲನೆಯದು ಸೆಕೆಂಡಿಗೆ ಸುಮಾರು 175 ಮೀಟರ್, ಎರಡನೆಯದು ಸುಮಾರು 130 ಮೀಟರ್ ವೇಗದಲ್ಲಿ ಹೊರಡುತ್ತದೆ. 10 ಮೀಟರ್ ದಾಟುವಷ್ಟರಲ್ಲಿ ಚಿಕ್ಕದು ಒಂದೂವರೆ ಸೆಂಟಿಮೀಟರ್ ಇಳಿದರೆ ದೊಡ್ಡದು ಮೂರರಷ್ಟು. ಪುಗ್ಗಾಕ್ಕೆ ಚಿಕ್ಕದೇ ಸರಿ.

ಗಾಳಿ ಬಂದೂಕು ಹೊಸದಲ್ಲ. 1780ರ ಹೊತ್ತಿಗೇ ಆಸ್ಟ್ರಿಯಾದ ಸೇನೆಗೆ ಜಿರಾರ್ಡೋನಿಯ ಬಂದೂಕು ಬಂದಿತ್ತು. ಕಾಕಾ ಮೆಚ್ಚುವುದು ಜರ್ಮನಿಯ ಡಯಾನಾ. ಆ ಕಂಪನಿ ಶುರುವಾದದ್ದು 1890ರಲ್ಲಿ.

ಇದೇ 4.5 ಮಿ.ಮೀ. ಛರ್ರಾ, ಇದೇ ಗಾಳಿಯ ಶಕ್ತಿ 1984ರಲ್ಲಿ ಒಲಿಂಪಿಕ್ಸ್ ಸೇರಿತು. 2008ರಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದರು. ಬೆಂಗಳೂರಿನ ತಿಲೋತ್ತಮಾ ಸೇನ್ ವಿಶ್ವಕಪ್ ಪದಕ ತಂದಿದ್ದಾರೆ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್.

ಕಾಕಾನ ಕೆಲಸ ಈಗ ಜಾತ್ರೆಯ ಸುಗ್ಗಿಗಷ್ಟೇ. ಕೆಟ್ಟದ್ದನ್ನು ಬಿಸಾಡಿ ಹೊಸದು ತರುವುದೇ ಅಗ್ಗವೆಂದು ಅಂಗಡಿಯವರ ಲೆಕ್ಕ. ಕಲಿಯಲು ಕೂತ ಹುಡುಗರು ಮೊಬೈಲ್ ರಿಪೇರಿಗೆ ಹೋದರು. ಆದರೂ ಹತ್ತು ಮೀಟರ್ ಜಾಗ, ಹಿಂದೆ ಗಟ್ಟಿ ಗೋಡೆ, ಕಣ್ಣಿಗೆ ಕನ್ನಡಕ, ಮೇಲೊಬ್ಬ ತರಬೇತುದಾರ ಇದ್ದರೆ ತಾಲ್ಲೂಕಿಗೊಂದು ಶೂಟಿಂಗ್ ರೇಂಜ್ ಆಗುತ್ತದೆ. ಜಾತ್ರೆಯಲ್ಲಿ ಸಾಲಾಗಿ ಐದು ಪುಗ್ಗಾ ಒಡೆಯುವ ಹುಡುಗಿಗೆ ಮುಂದಿನ ದಾರಿ ಸಿಗಬೇಕು. ಅವಳ ಬಂದೂಕು ಹದಗೊಳಿಸುವ ಕೈ ಇನ್ನೂ ಇಲ್ಲಿದೆ. ಆ ಕೈಗೂ ವಯಸ್ಸಾಗುತ್ತಿದೆ.